ಕಂದಾಯ ಕಟ್ಟಿ ಬಂದೆ. ಇನ್ನು ವರ್ಷವಿಡೀ ನಮ್ಮೂರ ಕಚೇರಿಯಲ್ಲಿ ನಡೆಯುವುದೇನು?

ಬರೆಯಂಚಿನ_ಮನೆ
ಏಪ್ರಿಲ್ 6, 2025, ರಾತ್ರಿ 9.12

ಶುಕ್ರವಾರ ಮನೆ ಕಂದಾಯ ಕಟ್ಟಿ ಬಂದೆ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ. ಅದಕ್ಕೇ ಮೊದಲ ವಾರದಲ್ಲೇ ಹೋಗಿ ಮುಗಿಸಿಬಿಡುತ್ತೇನೆ. ಸರ್ವರ್ ಇಲ್ಲ, ಸ್ವಲ್ಪ ಹೊತ್ತು ಕೂತಿರಿ ಎಂದರು. ಕೂತಲ್ಲಿ ಎದುರಿಗೇ ನೋಟಿಸ್ ಬೋರ್ಡ್. ಅದರಲ್ಲಿ ಈ ಸಾಲಿನ ಆಯವ್ಯಯದ ನಾಲ್ಕು ಹಾಳೆ. ಬೇರೆ ಕೆಲಸ ಇಲ್ಲದೆ ಎರಡು ಸಲ ಓದಿದೆ. ಬೀದಿದೀಪ, ಕುಡಿಯುವ ನೀರು, ಘನತ್ಯಾಜ್ಯ, ಶೇ 24.10, ಶೇ 7.25... ಅರ್ಧ ತಲೆಗೆ ಹೋಗಲಿಲ್ಲ.

ನನ್ನ ವಿಷಯ ಸಣ್ಣದು. ನಮ್ಮ ಮನೆ ಇರುವುದು ಇಳಿಜಾರು ಬೀದಿಯ ಕೊನೆಗೆ. ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಮುಂದೆ ಚರಂಡಿ. ಜೂನ್‌ನಲ್ಲಿ ಮೊದಲ ಜೋರು ಮಳೆ ಬಿದ್ದ ದಿನ ಮೇಲಿನ ಬೀದಿಯ ನೀರೆಲ್ಲ ನಮ್ಮ ಅಂಗಳಕ್ಕೆ. ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ. ಒಮ್ಮೆ ಬಂದು ಫೋಟೋ ತೆಗೆದುಕೊಂಡು ಹೋದರು, ಅಷ್ಟೇ. ಕಂದಾಯ ಮಾತ್ರ ಏರುತ್ತಲೇ ಇದೆ. ಈ ದುಡ್ಡು ಎಲ್ಲಿಗೆ ಹೋಗುತ್ತದೆ? ಜಗಳಕ್ಕೆ ಕೇಳುತ್ತಿಲ್ಲ, ಗೊತ್ತಿದ್ದವರು ಹೇಳಿ.

ಊರಿನ ಹೆಸರು ಬರೆಯುವುದಿಲ್ಲ. ಪಟ್ಟಣ ಪಂಚಾಯಿತಿಯೋ, ಪುರಸಭೆಯೋ, ನಗರಸಭೆಯೋ ಅದನ್ನೂ ಹೇಳುವುದಿಲ್ಲ. ಕೊಡಗು ಜಿಲ್ಲೆಯಲ್ಲಿ ಅಂಥ ಕಚೇರಿ ಇರುವುದೇ ಬೆರಳೆಣಿಕೆಯಷ್ಟು, ತಕ್ಷಣ ಗೊತ್ತಾಗಿಬಿಡುತ್ತದೆ. ನಾಳೆ ಕೌಂಟರ್‌ನಲ್ಲಿ ಮತ್ತೆ ಅದೇ ಮುಖ ನೋಡಬೇಕಲ್ಲ!

ಕಿತ್ತಳೆ_ಸಿಪ್ಪೆ
ಏಪ್ರಿಲ್ 6, ರಾತ್ರಿ 9.30

ಏನು ಮಾಡುತ್ತಾರೆ ಎಂದರೆ? ಮಾರ್ಚ್ ಕೊನೇ ವಾರ ಡಾಂಬರು ಹಾಕುತ್ತಾರೆ. ಜುಲೈ, ಆಗಸ್ಟ್‌ನ ಆಟಿ ತಿಂಗಳ ಮಳೆ ಅದನ್ನು ಎತ್ತಿಕೊಂಡು ಹೋಗುತ್ತದೆ. ಮುಂದಿನ ಮಾರ್ಚ್‌ಗೆ ಮತ್ತೆ ಶುರು.

ಪರದೇಶಿ_ಕೊಡಗಿನವ
ಏಪ್ರಿಲ್ 6, ರಾತ್ರಿ 10.05

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲೂ ಅದೇ ಕಥೆ, ಮೊತ್ತ ಮಾತ್ರ ದೊಡ್ಡದು. ಆನ್‌ಲೈನ್‌ನಲ್ಲಿ ದೂರು ಹಾಕಿ, ಆಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಮುಖ ನೋಡಬೇಕು ಅಂತ ಹೆದರಿದರೆ ಕೆಲಸ ಆಗುವುದಿಲ್ಲ.

ಹಳೇ_ರಸೀದಿ
ಏಪ್ರಿಲ್ 7, ಬೆಳಿಗ್ಗೆ 6.48

ಬರೆಯಂಚಿನವರೇ, ಒಂದೇ ಪ್ರಶ್ನೆ. ಮೂರು ವರ್ಷದ ಆ ಮೂರು ಅರ್ಜಿಗಳನ್ನು ಯಾವ ತಿಂಗಳಲ್ಲಿ ಕೊಟ್ಟಿರಿ?

ಬರೆಯಂಚಿನ_ಮನೆ
ಏಪ್ರಿಲ್ 7, ಬೆಳಿಗ್ಗೆ 8.20

ನೀರು ನುಗ್ಗಿದ ಮಾರನೇ ದಿನ. ಮತ್ತೆ ಯಾವಾಗ ಕೊಡುವುದು ಅಣ್ಣ? ಜೂನ್ ಕೊನೆ, ಒಂದು ಸಲ ಜುಲೈ.

ಹಳೇ_ರಸೀದಿ
ಏಪ್ರಿಲ್ 7, ರಾತ್ರಿ 8.40

ಅಲ್ಲೇ ಇರುವುದು ವಿಷಯ. ನಾನು ಇಂಥದೇ ಕಚೇರಿಯಲ್ಲಿ ಬಿಲ್ ಕಲೆಕ್ಟರ್ ಆಗಿ ಸೇರಿ ಅದೇ ಮೇಜಿನಲ್ಲಿ ನಿವೃತ್ತನಾದವನು. ಜುಲೈನಲ್ಲಿ ಬರುವ ಚರಂಡಿ ಅರ್ಜಿಗೆ ನಮ್ಮಲ್ಲಿ ಒಂದು ಹೆಸರಿತ್ತು, 'ಮಳೆ ಅರ್ಜಿ'. ಮಳೆ ನಿಂತ ಮೇಲೆ ಕೊಟ್ಟವರೂ ಮರೆಯುತ್ತಾರೆ, ನಾವೂ ಮರೆಯುತ್ತೇವೆ. ಸುಳ್ಳು ಯಾಕೆ ಹೇಳಲಿ?

ಊರಿನ ಕಚೇರಿಗೆ ವರ್ಷ ಏಪ್ರಿಲ್ 1ಕ್ಕೆ ಶುರು. ಆದರೆ ಆ ವರ್ಷದ ಕೆಲಸ ನಿರ್ಧಾರವಾಗುವುದು ಅದಕ್ಕೂ ಮೂರು ತಿಂಗಳು ಮೊದಲು. ಡಿಸೆಂಬರ್, ಜನವರಿಯಲ್ಲಿ ಆಯವ್ಯಯದ ಪೂರ್ವಭಾವಿ ಸಭೆ ಕರೆಯುತ್ತಾರೆ. ಸಾರ್ವಜನಿಕರೂ ಬನ್ನಿ ಅಂತ ಪ್ರಕಟಣೆ ಕೊಡುತ್ತಾರೆ. ಯಾರು ಬರುತ್ತಾರೆ? ನಾಲ್ಕು ಜನ ವರ್ತಕರು, ಇಬ್ಬರು ಸಂಘದವರು, ಒಬ್ಬರು ಪತ್ರಕರ್ತರು. ಕಾಫಿ ಕುಯ್ಯುವ ಕಾಲ, ಬೇರೆಯವರಿಗೆ ಪುರುಸೊತ್ತೆಲ್ಲಿ? ಮಾರ್ಚ್ ಒಳಗೆ ಆಯವ್ಯಯ ಮಂಡನೆ. ಆಮೇಲೆ ಯಾವ ಅನುದಾನದಲ್ಲಿ ಯಾವ ಕೆಲಸ ಅಂತ ಕ್ರಿಯಾ ಯೋಜನೆ. ಅದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ ಮಂಜೂರಾಗಿ ಬರಬೇಕು. ಆಮೇಲೆ ಅಂದಾಜು ಪಟ್ಟಿ, ಟೆಂಡರ್. ಇಷ್ಟಾಗುವಾಗ ಮಳೆ ಹಿಡಿದಿರುತ್ತದೆ. ಮೈಸೂರು ಕಡೆಯ ಊರಾದರೆ ಜುಲೈನಲ್ಲೂ ಕಾಂಕ್ರೀಟ್ ಹಾಕಬಹುದು. ನಮ್ಮಲ್ಲಿ ಅಕ್ಟೋಬರ್‌ನ ತುಲಾ ಸಂಕ್ರಮಣ ಮುಗಿದು ಮಣ್ಣು ಒಣಗುವವರೆಗೆ ಗುದ್ದಲಿ ಇಳಿಸುವ ಹಾಗಿಲ್ಲ. ಹಾಗಾಗಿ ಕೊಡಗಿನಲ್ಲಿ ಕೆಲಸದ ವರ್ಷ ಎಂದರೆ ನವೆಂಬರ್‌ನಿಂದ ಮೇವರೆಗೆ, ಹೆಚ್ಚೆಂದರೆ ಏಳು ತಿಂಗಳು. ಕಿತ್ತಳೆಯವರ ಮಾರ್ಚ್ ಡಾಂಬರಿಗೆ ಅರ್ಧ ಕಾರಣ ಇದು. ಇನ್ನರ್ಧ ನಿಮಗೂ ಗೊತ್ತು, ನನಗೂ ಗೊತ್ತು. ಸಾಲು ಮುಗಿಯುವ ಮೊದಲು ಬಿಲ್ ಆಗಬೇಕು.

ಇನ್ನು ದುಡ್ಡು. ನಿಮ್ಮ ಆಸ್ತಿ ತೆರಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 600. ಗ್ರಂಥಾಲಯ ಕರ ಶೇ 6, 240. ಭಿಕ್ಷುಕರ ಕರ ಶೇ 3, 120. ಈ 960 ರೂಪಾಯಿ ನಿಮ್ಮ ಚರಂಡಿಗೆ ಅಲ್ಲ, ನಾವು ವಸೂಲಿ ಮಾಡಿ ಆಯಾ ಲೆಕ್ಕಕ್ಕೆ ಕಳಿಸಬೇಕು. ಉಳಿಯುವ 4,000ವೇ ಊರಿನದು. ಜೂನ್ ಕಳೆದರೆ ತಿಂಗಳಿಗೆ ಶೇ 2 ದಂಡ. ಸಣ್ಣ ಊರಿನಲ್ಲಿ ಈ ವಸೂಲಿ ಅಷ್ಟನ್ನೇ ನಂಬಿದರೆ ಸಂಬಳ, ನೀರಿನ ಮೋಟಾರಿನ ಕರೆಂಟ್ ಬಿಲ್, ಟ್ರ್ಯಾಕ್ಟರಿನ ಡೀಸೆಲ್‌ಗೇ ಸಾಲದು.

ದೊಡ್ಡ ಕೆಲಸ ಎಲ್ಲ ಅನುದಾನದಲ್ಲೇ. ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡು (2026ರ ಮಾರ್ಚ್‌ವರೆಗಿನದು) ಬಂದರೆ ಅದರಲ್ಲಿ ಶೇ 60 ನಿರ್ಬಂಧಿತ. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ನೀವು ಬೋರ್ಡಿನಲ್ಲಿ ನೋಡಿದ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ ಎತ್ತಿಡುವ ಪಾಲು. 7.25 ಇತರ ಬಡವರಿಗೆ. ಶೇ 5 ಅಂಗವಿಕಲರಿಗೆ.

ಅಂಗಡಿ ಮಳಿಗೆ ಬಾಡಿಗೆ, ಸಂತೆ ಸುಂಕದ ಹರಾಜು, ಉದ್ಯಮ ಪರವಾನಗಿ ಶುಲ್ಕ ಇತ್ಯಾದಿ ಸ್ವಂತ ಆದಾಯ. ಮಳಿಗೆ ಬಾಡಿಗೆ ಬಾಕಿಯ ಬಗ್ಗೆ ಬರೆಯಲು ಕೂತರೆ ಬೆಳಗಾಗುತ್ತದೆ, ಬಿಡಿ.

ಸೊಪ್ಪಿನಕ್ಕ
ಏಪ್ರಿಲ್ 7, ರಾತ್ರಿ 9.55

ಸಂತೆ ಸುಂಕದ ವಿಷಯ ಬಂತಲ್ಲ, ನಾನೂ ಹೇಳುತ್ತೇನೆ. ನಾನು ವಾರಕ್ಕೆ ಮೂರು ಸಂತೆ ಮಾಡುವವಳು. ಕುಶಾಲನಗರ ಮಂಗಳವಾರ, ವಿರಾಜಪೇಟೆ ಬುಧವಾರ, ಮಡಿಕೇರಿ ಶುಕ್ರವಾರ. ಮೊದಲು ಗೋಣಿಕೊಪ್ಪಕ್ಕೆ ಭಾನುವಾರವೂ ಹೋಗುತ್ತಿದ್ದೆ, ಈಗ ಮಂಡಿ ನೋವು.

ನಮಗೆ ವರ್ಷ ಶುರುವಾಗುವುದು ಸುಂಕದ ಹರಾಜಿನ ದಿನ. ಯಾರು ಹಿಡಿದರು, ಎಷ್ಟಕ್ಕೆ ಹಿಡಿದರು ಎನ್ನುವುದರ ಮೇಲೆ ಒಂದು ವರ್ಷ ನಮ್ಮ ತಲೆಬಿಸಿ. ಜಾಸ್ತಿಗೆ ಹಿಡಿದವನು ನಮ್ಮಿಂದಲೇ ತಾನೇ ತೆಗೆಯಬೇಕು? ಒಂದು ಊರಲ್ಲಿ ದರಪಟ್ಟಿ ಬೋರ್ಡ್ ಹಾಕಿ ಅಂತ ಕೇಳಿ ಕೇಳಿ ಸಾಕಾಯಿತು. ಬೋರ್ಡ್ ಹಾಕಿದ ಮೇಲೆ ಜಗಳವೇ ಇಲ್ಲ. ಒಂದು ತಗಡಿನ ಬೋರ್ಡಿಗೆ ಎರಡು ವರ್ಷ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ 2014ರದ್ದು. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇ 40 ಜನ ನಮ್ಮವರೇ ಇರಬೇಕು, ಆ ನಮ್ಮವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ನಾನು ಒಂದು ಅವಧಿಗೆ ಇದ್ದೆ. ಗುರುತಿನ ಚೀಟಿ ಕೊಡಿಸಿದೆವು. ಅದನ್ನು ತೋರಿಸಿಯೇ ಕೊರೊನಾ ಆದಮೇಲೆ 10,000 ರೂಪಾಯಿ ಸ್ವನಿಧಿ ಸಾಲ ಸಿಕ್ಕಿದ್ದು. ಕಚೇರಿಯವರು ಏನೂ ಮಾಡಲಿಲ್ಲ ಎಂದು ನಾನು ಹೇಳಲಾರೆ. ಆ ಸಾಲದಲ್ಲಿ ತಕ್ಕಡಿ ಮತ್ತು ಟಾರ್ಪಾಲು ತೆಗೆದುಕೊಂಡೆ. ಟಾರ್ಪಾಲು ಈಗಲೂ ಇದೆ.

ಕಿತ್ತಳೆ_ಸಿಪ್ಪೆ
ಏಪ್ರಿಲ್ 8, ಬೆಳಿಗ್ಗೆ 7.15

ಅಕ್ಕ, ಸಂತೆ ಮುಗಿದ ಮೇಲೆ ಬಿಟ್ಟುಹೋಗುವ ಕೋಸಿನ ಎಲೆ ಯಾರ ಲೆಕ್ಕಕ್ಕೆ? ಮಾರನೇ ದಿನ ದನಗಳ ಸಂತೆ ಅಲ್ಲಿ.

ಬೆಳಗಿನ_ಐದೂವರೆ
ಏಪ್ರಿಲ್ 8, ಮಧ್ಯಾಹ್ನ 1.40

ಅದು ನಮ್ಮ ಅಮ್ಮನ ಲೆಕ್ಕಕ್ಕೆ, ಕಿತ್ತಳೆಯವರೇ. ಸಂತೆಯ ಮಾರನೇ ದಿನ ಅಮ್ಮ ಅರ್ಧ ಗಂಟೆ ಮೊದಲೇ ಹೊರಡುತ್ತಾರೆ.

ಅಮ್ಮ ಪೌರಕಾರ್ಮಿಕರು. ನಾನು ಬಿ.ಕಾಂ. ಎರಡನೇ ವರ್ಷ. 'ವರ್ಷವಿಡೀ ಏನು ಮಾಡುತ್ತಾರೆ' ಎಂಬ ತಲೆಬರಹ ನೋಡಿ ಸಿಟ್ಟು ಬಂತು, ಆಮೇಲೆ ಓದಿದಾಗ ಹೋಯಿತು.

ಸರ್ಕಾರದ ಲೆಕ್ಕದಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕ. 14 ಸಾವಿರ ಜನ ಇದ್ದರೆ 20 ಮಂದಿ. ಆದರೆ ಶನಿವಾರ, ಭಾನುವಾರ ನಮ್ಮ ಊರಲ್ಲಿ ಎಷ್ಟು ಜನ ಇರುತ್ತಾರೆ? ಪ್ರವಾಸಿಗಳು ಯಾವ ಜನಗಣತಿಯಲ್ಲೂ ಇಲ್ಲ. ಅವರ ನೀರಿನ ಬಾಟಲಿ, ಬಿರಿಯಾನಿ ಡಬ್ಬಿ ಮಾತ್ರ ಇರುತ್ತವೆ. ಸೋಮವಾರದ ಗಾಡಿ ಬೇರೆ ದಿನಕ್ಕಿಂತ ಒಂದು ಟ್ರಿಪ್ ಜಾಸ್ತಿ ಹೊಡೆಯುತ್ತದೆ.

ಮಳೆಗಾಲದ ಒಂದು ವಿಷಯ ಹೇಳುತ್ತೇನೆ, ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಎನ್ನುತ್ತಾರೆ. 2016ರ ನಿಯಮವೂ ಅದನ್ನೇ ಹೇಳಿತ್ತು. ಸರಿ. ಆದರೆ ಜುಲೈ, ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಒಣ ಕಸ ಎನ್ನುವುದೇ ಇರುವುದಿಲ್ಲ. ಜನ ರಟ್ಟು, ಪೇಪರು ಎಲ್ಲ ಗೇಟಿನ ಹೊರಗೆ ಇಟ್ಟು ಒಳಗೆ ಹೋಗುತ್ತಾರೆ. ಗಾಡಿ ಬರುವ ಹೊತ್ತಿಗೆ ಅದು ಮುದ್ದೆ. ಒದ್ದೆ ರಟ್ಟನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಮಾರಾಟವಾಗುವ ಕಸವೇ ಮಳೆಗಾಲದಲ್ಲಿ ಹೊರೆ. ನೀವು ಮಾಡಬೇಕಾದ್ದು ಇಷ್ಟೇ. ಒಣ ಕಸ ವಾರಾಂಡದಲ್ಲಿ ಇಟ್ಟುಕೊಳ್ಳಿ, ಗಾಡಿಯ ಹಾಡು ಕೇಳಿದ ಮೇಲೆ ಕೈಗೆ ಕೊಡಿ. ಮತ್ತೆ, ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ಬರೆದು ಕೊಡಿ. ಒದ್ದೆ ಗ್ಲೌಸ್ ಒಳಗೆ ಕೈ ಮೊದಲೇ ಮೆತ್ತಗಾಗಿರುತ್ತದೆ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಹಾರ, ಸನ್ಮಾನ, ಆಟೋಟ, ಬಿರಿಯಾನಿ. ಅಮ್ಮನಿಗೆ ಹಗ್ಗಜಗ್ಗಾಟದಲ್ಲಿ ಸ್ಟೀಲ್ ಡಬ್ಬಿ ಬಂದಿತ್ತು. ಆದರೆ ಅವತ್ತು ಬೆಳಿಗ್ಗೆಯೂ ಕಸ ತೆಗೆದೇ ಹೋಗಿದ್ದು.

ಹಳೇ_ರಸೀದಿ
ಏಪ್ರಿಲ್ 8, ರಾತ್ರಿ 8.10

ಮಗಳೇ, ಸರಿಯಾಗಿ ಬರೆದೆ. ಗುತ್ತಿಗೆಯವರ ಕೈಯಿಂದ ಅರ್ಧ ಸಂಬಳ ತೆಗೆದುಕೊಳ್ಳುತ್ತಿದ್ದ ಕಾಲ ನಾನು ನೋಡಿದ್ದೇನೆ. ನೇರಪಾವತಿ ಬಂದ ಮೇಲೆ ಸ್ವಲ್ಪ ಉಸಿರಾಡಿದರು. 2022ರಲ್ಲಿ ರಾಜ್ಯದಲ್ಲಿ 11,133 ಜನರನ್ನು ಕಾಯಂ ಮಾಡುವ ತೀರ್ಮಾನ ಆಯಿತು. ಅಮ್ಮನದು ಆಯಿತಾ?

ಬೆಳಗಿನ_ಐದೂವರೆ
ಏಪ್ರಿಲ್ 8, ರಾತ್ರಿ 9.02

ಅಮ್ಮನ ಜೊತೆಯವರದು ಆಯಿತು. ಅಮ್ಮನ ದಾಖಲೆಯಲ್ಲಿ ಹುಟ್ಟಿದ ದಿನಾಂಕ ಒಂದೊಂದು ಕಡೆ ಒಂದೊಂದು. ಓಡಾಡುತ್ತಿದ್ದೇವೆ.

ಪರದೇಶಿ_ಕೊಡಗಿನವ
ಏಪ್ರಿಲ್ 9, ಬೆಳಿಗ್ಗೆ 11.20

ಎಲ್ಲ ಸರಿ, ಆದರೆ ನಾವು ಪ್ರತಿಸಲ ಕಚೇರಿಯ ಕಷ್ಟ ಕೇಳಿ ಕರಗಿಬಿಡುತ್ತೇವೆ. ಚುನಾಯಿತ ಸದಸ್ಯರು ಎಲ್ಲಿದ್ದಾರೆ? ತಿಂಗಳಿಗೆ ಒಂದಾದರೂ ಸಾಮಾನ್ಯ ಸಭೆ ನಡೆಯಬೇಕು. ಅಧ್ಯಕ್ಷರ ಅವಧಿ 30 ತಿಂಗಳು. ಮೀಸಲಾತಿ ಪಟ್ಟಿಯ ತಕರಾರಿನಿಂದ ಗೆದ್ದವರು ಅಧಿಕಾರ ಇಲ್ಲದೆ ಕಾಯುತ್ತಾ ಕೂತದ್ದನ್ನು ರಾಜ್ಯದ ಎಷ್ಟು ಊರಲ್ಲಿ ನೋಡಲಿಲ್ಲ? ಸದಸ್ಯರ ಬದಲು ಸರ್ಕಾರದ ಆಡಳಿತಾಧಿಕಾರಿ ಇದ್ದಾಗ ನಿಮ್ಮ ಚರಂಡಿಯ ಬಗ್ಗೆ ಯಾರ ಹತ್ತಿರ ಜಗಳ ಮಾಡುತ್ತೀರಿ?

ಹೊಳೆದಂಡೆ
ಏಪ್ರಿಲ್ 9, ರಾತ್ರಿ 10.30

ನಾನು ಕುಶಾಲನಗರದವನು. ನಮ್ಮದು ಚರಂಡಿಯ ಚಿಂತೆ ಅಲ್ಲ, ಹೊಳೆಯದು. ಇಲ್ಲಿ ಮಳೆ ಕಡಿಮೆ. ಆದರೆ ಮೇಲೆ ಭಾಗಮಂಡಲ, ಮಡಿಕೇರಿಯಲ್ಲಿ ಬಿದ್ದದ್ದು ಇಲ್ಲಿಗೇ ಬರಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಬೆಟ್ಟ ಕುಸಿದಾಗ ನಮ್ಮ ಬಡಾವಣೆಗಳಲ್ಲಿ ಕಾವೇರಿ ಸೊಂಟಮಟ್ಟ. 2019ರಲ್ಲಿ ಮತ್ತೆ. ಹಾರಂಗಿ ಜಲಾಶಯದ ಪೂರ್ಣ ಮಟ್ಟ 2,859 ಅಡಿ. ಅದು ತುಂಬಿ ಗೇಟು ತೆಗೆದರೆ ಆ ನೀರು ಕೂಡಿಗೆ ಹತ್ತಿರ ಕಾವೇರಿಗೆ ಸೇರುತ್ತದೆ. ಎರಡೂ ಒಟ್ಟಿಗೆ ಬಂದ ದಿನ ಮುಗಿಯಿತು.

ಆ ದಿನಗಳಲ್ಲಿ ಊರಿನ ಕಚೇರಿಯ ಕೆಲಸ ನೋಡಿದವನು ನಾನು. ಮಧ್ಯರಾತ್ರಿ ಆಟೋಗೆ ಮೈಕ್ ಕಟ್ಟಿ ಮನೆ ಬಿಡಿ ಎಂದು ಕೂಗಿದರು. ಕಾಳಜಿ ಕೇಂದ್ರದಲ್ಲಿ ಅನ್ನ, ಹಾಸಿಗೆ. ನೀರು ಇಳಿದ ಮೇಲಿನ ಕೆಲಸ ಮಾತ್ರ ಯಾರ ಫೋಟೋದಲ್ಲೂ ಬರಲಿಲ್ಲ. ಮನೆ ಮನೆಯಿಂದ ಕೆಸರು, ಒದ್ದೆ ಹಾಸಿಗೆ, ಸತ್ತ ಕೋಳಿ, ಕೆಟ್ಟ ಅಕ್ಕಿ ಎತ್ತಿದ್ದಾರೆ. ಬಾವಿಗೆ, ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ. ಬೇರೆ ಊರಿನ ಪೌರಕಾರ್ಮಿಕರೂ ಲಾರಿಯಲ್ಲಿ ಬಂದಿದ್ದರು.

ಹೊಳೆಯ ಪಕ್ಕ ಬಡಾವಣೆಗೆ ಅನುಮತಿ ಸಿಕ್ಕಿದ್ದು ಹೇಗೆ ಎಂದು ನೀವು ಕೇಳಬಹುದು. ಕೇಳಿ. ನಾನು ಸೈಟು ತೆಗೆದುಕೊಳ್ಳುವಾಗ ಕೇಳಲಿಲ್ಲ.

ಹಳೇ_ರಸೀದಿ
ಏಪ್ರಿಲ್ 10, ಬೆಳಿಗ್ಗೆ 7.05

ಬರೆಯಂಚಿನವರೇ, ಚರ್ಚೆ ಎಲ್ಲೆಲ್ಲಿಗೋ ಹೋಯಿತು. ನಿಮಗೆ ಈಗ ಸಮಯ ಇದೆ. ಮಳೆಗಾಲದ ಮುಂಜಾಗ್ರತೆ ಅಂತ ಏಪ್ರಿಲ್ ಕೊನೆಗೆ ಪಟ್ಟಿ ಮಾಡುತ್ತಾರೆ. ಯಾವ ಚರಂಡಿ ಹೂಳು, ಯಾವ ತೋಡು, ಯಾವ ಅಪಾಯದ ಮರ, ಎಲ್ಲಿ ಬರೆ ಕುಸಿಯುವ ಭಯ ಅಂತ. ಆ ಪಟ್ಟಿಗೆ ನಿಮ್ಮ ಬೀದಿ ಸೇರಬೇಕು. ಹೊಸ ಚರಂಡಿ ಕಟ್ಟಿಕೊಡಿ ಅಂತ ಬರೆಯಬೇಡಿ, ಅದು ಮುಂದಿನ ಸಾಲಿಗೆ ಹೋಗುತ್ತದೆ. ಹೂಳು ತೆಗೆಸಿ ಅಂತ ಮಾತ್ರ ಬರೆಯಿರಿ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ಯಾವ ಕಂಬದ ನಂಬರಿನ ಹತ್ತಿರ ಎಂದು ಬರೆಯಿರಿ. ಬೀದಿಯ ಏಳೆಂಟು ಮನೆಯವರ ಸಹಿ ಹಾಕಿಸಿ. ಸ್ವೀಕೃತಿ ನಂಬರ್ ಪಡೆಯದೆ ಬರಬೇಡಿ. ಎಂಜಿನಿಯರ್ ಮತ್ತು ಆರೋಗ್ಯ ನಿರೀಕ್ಷಕರು ಇಬ್ಬರಿಗೂ ಒಂದೊಂದು ಪ್ರತಿ. ಚರಂಡಿ ಕಟ್ಟುವುದು ಎಂಜಿನಿಯರ್ ಕೆಲಸ, ಕ್ಲೀನ್ ಮಾಡಿಸುವುದು ನಿರೀಕ್ಷಕರದು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ನಾನೂ ತೋರಿಸಿದ್ದೇನೆ.

ಬರೆಯಂಚಿನ_ಮನೆ
ಏಪ್ರಿಲ್ 17, ರಾತ್ರಿ 8.30

ಕೊಟ್ಟು ಬಂದೆ ಅಣ್ಣ. 85 ಮೀಟರ್, ಎರಡು ಕಂಬದ ನಡುವೆ. ಒಂಬತ್ತು ಮನೆಯ ಸಹಿ. ಹತ್ತನೇ ಮನೆಯವರು ಸಹಿ ಮಾಡಲಿಲ್ಲ, ಅವರ ಖಾತಾ ಕೆಲಸ ಅಲ್ಲೇ ಬಾಕಿ ಇದೆಯಂತೆ. ಫೆಬ್ರುವರಿಯಿಂದ ಅನಧಿಕೃತ ಸೈಟು, ಮನೆಗೂ ಬಿ-ಖಾತಾ ಕೊಡಲು ಶುರು ಮಾಡಿದ್ದಾರಲ್ಲ, ಕೌಂಟರ್‌ನಲ್ಲಿ ಜನವೋ ಜನ. ಎಂಜಿನಿಯರ್ 'ಸಾಧಾರಣವಾಗಿ ಎಲ್ಲರೂ ಜೂನ್‌ಗೆ ಬರುತ್ತಾರೆ' ಎಂದು ನಕ್ಕರು. ನಿಮ್ಮ ಮಾತು ನೆನಪಾಯಿತು.

ಸೊಪ್ಪಿನಕ್ಕ
ಮೇ 12, ಸಂಜೆ 6.15

ಏನಾಯಿತಪ್ಪ ಚರಂಡಿ?

ಬರೆಯಂಚಿನ_ಮನೆ
ಮೇ 12, ರಾತ್ರಿ 9.00

ಪಟ್ಟಿಯಲ್ಲಿ ಬಂದಿದೆ ಅಕ್ಕ. ದಿನ ಹೇಳಿಲ್ಲ.

ಬರೆಯಂಚಿನ_ಮನೆ
ಮೇ 27, ರಾತ್ರಿ 9.40

ಬರೆಯಲು ಸ್ವಲ್ಪ ನಾಚಿಕೆ. ಆದರೂ ಬರೆಯುತ್ತೇನೆ.

ಕಳೆದ ಬುಧವಾರ ಬಂದರು. ನಮ್ಮ ಬೀದಿಗೆ ಜೆಸಿಬಿ ಇಳಿಯುವುದಿಲ್ಲ. ನಾಲ್ಕು ಜನ, ಗುದ್ದಲಿ, ಬಾಂಡಲಿ. ಮೇಲಿನಿಂದ ತೆಗೆಯುತ್ತಾ ಬಂದು ನಮ್ಮ ಗೇಟಿನ ಹತ್ತಿರ ನಿಂತರು. 'ಇದನ್ನು ತೆಗೆಯಬೇಕು ಸರ್' ಎಂದರು. ಇದು ಎಂದರೆ, ಕಾರು ತೆಗೆದುಕೊಂಡ ವರ್ಷ ಚರಂಡಿ ಮೇಲೆ ನಾನೇ ಹಾಕಿಸಿದ ಕಾಂಕ್ರೀಟ್ ಚಪ್ಪಡಿ. ಕಾರು ಹತ್ತಬೇಕಲ್ಲ! ಅನುಮತಿ ಕೇಳಿರಲಿಲ್ಲ. ಕೇಳಬೇಕು ಎಂದೂ ಹೊಳೆದಿರಲಿಲ್ಲ. ಮೇಸ್ತ್ರಿ ಅಂದು ಕೆಳಗೆ ಒಂದು ಪೈಪ್ ಬಿಟ್ಟಿದ್ದೇನೆ ಎಂದಿದ್ದ. ಚಪ್ಪಡಿಯ ಒಂದು ಮೂಲೆ ಒಡೆದು ನೋಡಿದರೆ ಒಂದೂವರೆ ಅಡಿ ಅಗಲದ ಚರಂಡಿಗೆ ಆರು ಇಂಚಿನ ಪೈಪ್. ಅದರ ಬಾಯಿಗೆ ತೆಂಗಿನ ಚಿಪ್ಪು, ಗೊಬ್ಬರದ ಚೀಲ ಎರಡು, ಒಂದು ಕ್ರಿಕೆಟ್ ಬಾಲ್. ಬಾಲ್ ನಮ್ಮ ಹುಡುಗನದೇ. ಮೂರು ವರ್ಷ ನಾನು ಯಾರ ಮೇಲೆ ಅರ್ಜಿ ಕೊಟ್ಟೆನೋ ಏನೋ.

ಪೂರ್ತಿ ತಪ್ಪು ನನ್ನದೇ ಎನ್ನುವುದಿಲ್ಲ. ಮೇಲಿನ ತಿರುವಿನಲ್ಲಿ ಚರಂಡಿ ಅರ್ಧಕ್ಕೇ ನಿಂತಿದೆ, ಅಲ್ಲಿಂದ ನೀರು ರಸ್ತೆಗೇ ಬರುತ್ತದೆ. ಅದು ಕಚೇರಿಯ ಕೆಲಸ. ಡಿಸೆಂಬರ್‌ನಲ್ಲಿ ಆ ಸಭೆಗೆ ಹೋಗುತ್ತೇನೆ.

24ಕ್ಕೇ ಕೇರಳಕ್ಕೆ ಮುಂಗಾರು ಬಂದುಬಿಟ್ಟಿತು. ಜೂನ್ 1ರ ಲೆಕ್ಕ ಹಾಕಿದ್ದವರಿಗೆಲ್ಲ ಒಂದು ವಾರ ಖೋತಾ. ನಮ್ಮ ಬೀದಿ ಮುಗಿದು ಮೂರೇ ದಿನ ಆಗಿತ್ತು. ಪಕ್ಕದ ಬೀದಿ ಬಾಕಿ ಇರುವಾಗಲೇ ಮಳೆ ಹಿಡಿಯಿತು. ಅವರ ಅಂಗಳದಲ್ಲಿ ಈಗ ನೀರು. ಅವರೂ ಮಳೆ ಅರ್ಜಿ ಬರೆಯುತ್ತಿದ್ದಾರೆ.

ಕಿತ್ತಳೆ_ಸಿಪ್ಪೆ
ಮೇ 27, ರಾತ್ರಿ 10.10

ಬಾಲ್ ವಾಪಸ್ ಸಿಕ್ಕಿತಲ್ಲ, ಕಂದಾಯ ವಸೂಲಾಯಿತು.

ಪರದೇಶಿ_ಕೊಡಗಿನವ
ಮೇ 27, ರಾತ್ರಿ 11.30

ಪಕ್ಕದ ಬೀದಿಯವರು ಏಪ್ರಿಲ್‌ನಲ್ಲಿ ಅರ್ಜಿ ಕೊಡಬೇಕಿತ್ತು ಎಂದು ಯಾರೂ ಹೇಳಬೇಡಿ. ಅರ್ಜಿ ಕೊಟ್ಟ ಬೀದಿ ಮಾತ್ರ ಕ್ಲೀನ್ ಆಗುವುದಾದರೆ ಆರೋಗ್ಯ ನಿರೀಕ್ಷಕರು ಇರುವುದು ಯಾಕೆ?

ಹಳೇ_ರಸೀದಿ
ಮೇ 28, ಬೆಳಿಗ್ಗೆ 6.30

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಪರದೇಶಿಯವರೇ. ನೀವು ಹೇಳಿದ್ದು ಸರಿ.

ಬರೆಯಂಚಿನವರೇ, ಚಪ್ಪಡಿ ಒಡೆದ ಜಾಗಕ್ಕೆ ಮತ್ತೆ ಕಾಂಕ್ರೀಟ್ ಹಾಕಬೇಡಿ. ಎತ್ತಿ ಇಡುವ ಹಾಗೆ ಕಬ್ಬಿಣದ ಜಾಲರಿ ಮಾಡಿಸಿ, ಎರಡು ತುಂಡು. ಕಚೇರಿಗೆ ಒಂದು ಅರ್ಜಿ ಕೊಟ್ಟೇ ಮಾಡಿಸಿ.

ಬರೆಯಂಚಿನ_ಮನೆ
ಮೇ 28, ಬೆಳಿಗ್ಗೆ 8.15

ಆಯಿತು ಅಣ್ಣ. ಈಗ ಎರಡು ಹಲಗೆ ಇಟ್ಟು ಕಾರು ಹತ್ತಿಸುತ್ತಿದ್ದೇನೆ, ಮನೆಯವಳು ನೋಡಿ ನಗುತ್ತಾಳೆ. ಕಾರಿನ ಭಾರ ತಡೆಯುವ ಜಾಲರಿ ಮಳೆಗಾಲದಲ್ಲೂ ಮಾಡಿಕೊಡುವ ವೆಲ್ಡಿಂಗ್ ಶಾಪ್ ಯಾರಿಗಾದರೂ ಗೊತ್ತಾ? ಇಲ್ಲಿ ಕೇಳಿದವರೆಲ್ಲ ಕರೆಂಟ್ ಇಲ್ಲ, ಆಗಸ್ಟ್ ಕಳೆಯಲಿ ಎನ್ನುತ್ತಿದ್ದಾರೆ.

ಸೊಪ್ಪಿನಕ್ಕ
ಮೇ 28, ಮಧ್ಯಾಹ್ನ 12.50

ನನ್ನ ಟಾರ್ಪಾಲಿನ ಕಂಬ ಮಾಡಿಕೊಟ್ಟವನು ಇದ್ದಾನೆ, ಜನರೇಟರ್ ಇಟ್ಟುಕೊಂಡಿದ್ದಾನೆ. ಶುಕ್ರವಾರ ಸಂತೆಗೆ ಬಾ, ತೋರಿಸುತ್ತೇನೆ. ಅಳತೆ ಬರೆದುಕೊಂಡು ಬಾ.